ಒಂದೇ ಹೆಸರಿನ ಎರಡು ಮುಖ

ಶಾಲೆಗಳ ಫೋಟೋ ತೆಗೆಯುವ ಆ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಭಾವ, ಅಂದರೆ ಅಕ್ಕನ ಗಂಡ, ಸ್ಟುಡಿಯೋದ ಮಾಲೀಕ. ಅವನು ಕ್ಯಾಮೆರಾ ಹೊತ್ತು ಶಾಲೆಯಿಂದ ಶಾಲೆಗೆ ಅಲೆಯುತ್ತಿದ್ದ. ಅವನು ತಂದು ಸುರಿದ ಸಾವಿರಾರು ಮುಖಗಳಿಗೆ ಇವಳು ಕಂಪ್ಯೂಟರ್ ಮುಂದೆ ಕೂತು ಹೆಸರು ಅಂಟಿಸುತ್ತಿದ್ದಳು. ಶಾಲೆಯವರು ಕೊಟ್ಟ ಹೆಸರುಗಳನ್ನು ಫೋಟೋ ತೆಗೆದ ಕ್ರಮದಲ್ಲೇ ಸಾಫ್ಟ್‌ವೇರಿಗೆ ತುಂಬಿದರೆ ಯಾವ ಮುಖ ಯಾರದೆಂದು ಅದು ಜೋಡಿಸಿಕೊಳ್ಳುತ್ತದೆ. ಎಕ್ಸ್‌ಪೋರ್ಟ್ ಒತ್ತಿದರೆ ಒಂದೊಂದು ಫೋಟೋವೂ ತರಗತಿ ಮತ್ತು ಹೆಸರು ಹೊತ್ತ ಫೈಲಾಗಿ ಹೊರಬೀಳುತ್ತದೆ. ಆ ಫೈಲುಗಳನ್ನಷ್ಟೇ ಉಳಿಸಿಕೊಂಡು ಮೂಲ ಫೋಟೋಗಳನ್ನು ಅಳಿಸಿಹಾಕುವುದು ಭಾವನ ಪದ್ಧತಿ. ಯಾಕೆಂದು ಕೇಳಿದರೆ "ಊರವರ ಮಕ್ಕಳನ್ನೆಲ್ಲ ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?" ಎಂದು ಅವನೇ ತಿರುಗಿ ಕೇಳುತ್ತಿದ್ದ.

ಮೊದಲು ಫೈಲಿನ ಹೆಸರಿನಲ್ಲಿ ಮಗುವಿನ ಕ್ರಮಸಂಖ್ಯೆಯೂ ಇರುತ್ತಿತ್ತು. ಶಾಲೆಯವರು ನೋಡಲು ಚೆನ್ನಾಗಿಲ್ಲ ಎಂದರು, ಭಾವ ತೆಗೆಸಿಬಿಟ್ಟ. ಚೆಂದ ನೋಡುವವರಿಗೇನು ಗೊತ್ತು, ಆ ಅಂಕಿ ಅಲ್ಲಿ ಯಾಕೆ ಕೂತಿತ್ತೆಂದು.

ಆ ಬೆಳಿಗ್ಗೆ ಬಂದ ಹೆಂಗಸು ಹಿಂದಿನ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮುಂಗೈ ಮೇಲೆ ಹಳೆಯ ಸುಟ್ಟ ಗೆರೆಗಳಿದ್ದವು.

"ನನ್ ಮಗಳ ಫೋಟೋ ಬೇಕಿತ್ತು," ಎಂದಳು. "ಹೋದ ವರ್ಷದ್ದಲ್ಲ, ಅದರ ಹಿಂದಿಂದು. ಆಗ ನಾವು ತಗೊಳ್ಲಿಲ್ಲ."

"ಅದಕ್ಕೇನಂತೆ, ಈಗ ತಗೊಳ್ಳಿ. ಮಗಳು ಈಗ ಎಷ್ಟನೇ ಕ್ಲಾಸು?"

"ಹೋಗ್ಬಿಟ್ಲು."

ಗುಬ್ಬಿಗೆ ಬೇರೆ ಶಾಲೆಗೆ ಹೋದಳೇನೋ ಎನಿಸಿತು. ಹೆಂಗಸಿನ ಮುಖ ನೋಡಿದ ಮೇಲೆ ಹಾಗಲ್ಲವೆಂದು ತಿಳಿಯಿತು.

ತಾಯಿ ತಾನಾಗಿಯೇ ಹೇಳಿಕೊಂಡಳು. ಕಾಯಿಲೆ ರಕ್ತಕ್ಕೆ ಬಂದದ್ದು. ಔಷಧಿ ಶುರುವಾದ ಮೇಲೆ ಕೂದಲೆಲ್ಲ ಉದುರಿತು, ಮುಖ ಊದಿತು. ಹಳೆಯ ಫೋನು ನೀರಿನ ಬಕೆಟ್ಟಿಗೆ ಬಿದ್ದು, ಅದರಲ್ಲಿದ್ದ ಚಿತ್ರಗಳೆಲ್ಲ ಮಣ್ಣುಪಾಲಾದವು. ಈಗಿನ ಫೋನಿನಲ್ಲಿರುವುದೆಲ್ಲ ಆಸ್ಪತ್ರೆಯ ಹಾಸಿಗೆಯ ಮೇಲಿನವು.

"ಅದೂ ಅವಳೇ, ಇಲ್ಲ ಅನ್ನಲ್ಲ. ಆದ್ರೆ ಅದು ಕಾಯಿಲೆ ಮುಖ. ಕಣ್ಣು ಮುಚ್ಚಿದ್ರೆ ಈಗ ಅದೊಂದೇ ಬರುತ್ತೆ. ಮುಂಚೆ ಹೇಗಿದ್ಲು ಅನ್ನೋದು ದಿನಾ ಸ್ವಲ್ಪ ಸ್ವಲ್ಪ ಮಸುಕಾಗ್ತಾ ಇದೆ. ಹೆತ್ತ ನಂಗೇ ಹೀಗಾದ್ರೆ ಹೇಗೆ ಹೇಳಿ?"

ಗುಬ್ಬಿ ಆ ವರ್ಷದ ಶಾಲೆಯನ್ನು ತೆರೆದಳು, ತರಗತಿ ಹಿಡಿದಳು, ಹೆಸರು ಹೊಡೆದಳು. ಮುಖ ಬಂತು. ಸಂಕಟದ ನಡುವೆಯೂ ಅವಳಿಗೆ ಸಮಾಧಾನವಾಯಿತು. ಪರದೆಯನ್ನು ತಾಯಿಯ ಕಡೆ ತಿರುಗಿಸಿದಳು.

ತಾಯಿ ಬಗ್ಗಿ ನೋಡಿದಳು. "ಇದು ನಮ್ಮವಳಲ್ಲ. ಅವಳ ಗೆಳತಿ ಇದು. ಇಬ್ಬರದೂ ಒಂದೇ ಹೆಸರು, ಒಂದೇ ಕ್ಲಾಸು. ನಮ್ಮವಳದ್ದು ಇಲ್ಲೇ ಪಕ್ಕದಲ್ಲಿ ಇರ್ಬೇಕು ನೋಡಿ."

ಪಕ್ಕದಲ್ಲಿ ಇರಲಿಲ್ಲ. ಏನಾಗಿರಬೇಕೆಂದು ಗುಬ್ಬಿಗೆ ತಿಳಿದುಹೋಯಿತು.

ಇನ್ನು ಹುಡುಕುವುದು ಬೇಕಿರಲಿಲ್ಲ. ಆ ಶಾಲೆಯದನ್ನು ಎಕ್ಸ್‌ಪೋರ್ಟ್ ಮಾಡುವಾಗ ಕರೆಂಟು ಹೋಗಿ ಕೆಲಸ ಅರ್ಧಕ್ಕೆ ನಿಂತಿತ್ತು. ಎರಡನೇ ಸಲ ಮೊದಲಿನಿಂದ ಶುರು ಮಾಡಿದಾಗ, ಆಗಲೇ ಹೊರಬಿದ್ದಿದ್ದ ಪ್ರತಿ ಫೈಲಿಗೂ ಸಾಫ್ಟ್‌ವೇರ್ ಕೇಳತೊಡಗಿತು: ಈ ಹೆಸರಿನದು ಈಗಾಗಲೇ ಇದೆ, ಅದರ ಜಾಗದಲ್ಲಿ ಇದನ್ನು ಇಡಲೇ? ಹಳೆಯ ಮುಖ ಒಂದು ಕಡೆ, ಹೊಸ ಮುಖ ಒಂದು ಕಡೆ. ಹಳೆಯದೂ ಹೊಸದೂ ಒಂದೇ ಫೋಟೋ ಎಂದ ಮೇಲೆ ನೋಡುವುದೇನಿದೆ? ಗುಬ್ಬಿ ಎಂಟರ್ ಒತ್ತುತ್ತಾ ಹೋದಳು. ನಡುವೆ ಎಲ್ಲೋ ಒಮ್ಮೆ, ಕ್ರಮಸಂಖ್ಯೆಯಿಲ್ಲದೆ ಒಂದೇ ಹೆಸರಾಗಿಬಿಟ್ಟ ಎರಡು ಬೇರೆ ಬೇರೆ ಹುಡುಗಿಯರು ಅಕ್ಕಪಕ್ಕ ಬಂದಿರಬೇಕು. ಅದಕ್ಕೂ ಎಂಟರ್ ಬಿತ್ತು. ಗೆಳತಿ ಉಳಿದಳು, ಈ ತಾಯಿಯ ಮಗಳು ಅಳಿದಳು. ಆಮೇಲೆ ಮೂಲವನ್ನೂ ಅಳಿಸಿಯಾಯಿತು. ಶಾಲೆಗೆ ಹೋದದ್ದೂ ಇವೇ ಫೈಲುಗಳು.

"ಒಂದ್ನಿಮಿಷ ಅಮ್ಮ," ಎಂದು ಗುಬ್ಬಿ ಒಳಗೆ ಹೋದಳು. ಭಾವ ಹಿನ್ನೆಲೆಯ ನೀಲಿ ಬಟ್ಟೆಯನ್ನು ಕೋಲಿಗೆ ಸುತ್ತುತ್ತಿದ್ದ. ವಿಷಯ ಕೇಳಿ ಅವನ ಕೈ ನಿಂತಿತು, ಆಮೇಲೆ ಮತ್ತೆ ಸುತ್ತತೊಡಗಿತು.

"ಅವತ್ತು ಮಗು ಆಬ್ಸೆಂಟ್ ಅಂತ ಹೇಳಿ ಕಳ್ಸು."

"ಭಾವ, ಮಗು ತೀರ್ಕೊಂಡಿದೆ."

"ಅದಕ್ಕೇ ಹೇಳ್ತಿರೋದು. ನಾವೇ ಅಳಿಸಿದ್ವಿ ಅಂದ್ರೆ ಆಯಮ್ಮನ ಹೊಟ್ಟೆ ಇನ್ನೂ ಉರಿಯುತ್ತೆ. ಬರ್ಲಿಲ್ಲ ಅಂದ್ರೆ ನಿಟ್ಟುಸಿರು ಬಿಟ್ಟು ಎದ್ದು ಹೋಗ್ತಾಳೆ. ನಂಗೇನು ಕರುಳಿಲ್ವಾ?"

ಕರುಳು ಇತ್ತು, ಅದರ ಜೊತೆ ಶಾಲೆಯ ಕೆಲಸ ಕೈತಪ್ಪೀತೆಂಬ ಹೆದರಿಕೆಯೂ ಇತ್ತು. ಕಳೆದುಹೋದ ಫೋಟೋಗಳಿಗೆಲ್ಲ ಈ ಕಸುಬಿನಲ್ಲಿ ಅದೊಂದೇ ಉತ್ತರ: ಮಗು ಅವತ್ತು ಬಂದಿರಲಿಲ್ಲ. ಯಾರೂ ಎದುರಾಡುವುದಿಲ್ಲ. ಗುಬ್ಬಿಯೂ ಹಿಂದೆ ಹೇಳಿದ್ದಳು, ನಾಲಿಗೆ ತಡವರಿಸಿರಲಿಲ್ಲ.

ಈ ಸಲ ತಡವರಿಸಿತು, ಆದರೂ ಹೇಳಿದಳು. "ಅವತ್ತು ನಿಮ್ಮ ಮಗಳು ಸ್ಕೂಲಿಗೆ ಬಂದಿರ್ಲಿಲ್ಲ ಅಂತ ಕಾಣುತ್ತೆ ಅಮ್ಮ. ಕಂಪ್ಯೂಟರಲ್ಲಿ ಇಲ್ಲ."

"ಬಂದಿದ್ಲಲ್ಲ," ಎಂದಳು ತಾಯಿ. "ನಾನೇ ತಲೆ ಬಾಚಿ ಕಳ್ಸಿದ್ದೆ. ಸಂಜೆ ಬಂದು ಎಲ್ಲ ಹೇಳಿದ್ಲು. ಗಲ್ಲ ಮೇಲೆತ್ತು ಅಂದ್ರಂತೆ. ಸ್ಟೂಲು ಅಲ್ಲಾಡ್ತಿತ್ತು, ಬೀಳ್ತೀನೇನೋ ಅನ್ಕೊಂಡೆ ಅಂದ್ಲು."

ಭಾವ ಶಾಲೆಗಳಿಗೆ ಒಯ್ಯುವ ಆ ಸ್ಟೂಲು ಅಲ್ಲಾಡುವುದು ಗುಬ್ಬಿಗೆ ಗೊತ್ತಿತ್ತು. ಸ್ಟುಡಿಯೋದಲ್ಲಿದ್ದಾಗ ಅದರ ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಇಡುತ್ತಿದ್ದವಳೇ ಅವಳು.

ತಾಯಿ ಪರದೆ ನೋಡಿದಳು, ಇವಳ ಮುಖ ನೋಡಿದಳು. ತನ್ನ ನೆನಪು ಒಂದು ಕಡೆ, ಕಂಪ್ಯೂಟರು ಒಂದು ಕಡೆ. ಪಾಪ, ಕಂಪ್ಯೂಟರನ್ನೇ ನಂಬಿದಳು.

"ಹಾಗಾದ್ರೆ ಅವತ್ತು ಎಲ್ಲಿ ಹೋಗಿದ್ಲು?" ದನಿ ತಗ್ಗಿತು. "ಮನೆಯಿಂದ ಹೋಗಿದ್ದು ನಾನೇ ನೋಡಿದ್ದೀನಿ. ಸ್ಟೂಲಿನ ಕತೆ ಕಟ್ಟಿ ಹೇಳಿದ್ಲಾ? ನನ್ನ ಹತ್ರ ಯಾವತ್ತೂ ಸುಳ್ಳು ಹೇಳಿದವಳಲ್ಲ ಅವಳು."

ಗುಬ್ಬಿ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಕಡೇ ದಿನಗಳಲ್ಲಿ ನೋವಾಗ್ತಿದೆಯಾ ಅಂತ ಕೇಳ್ತಿದ್ದೆ. ಇಲ್ಲಮ್ಮ, ಒಂಚೂರೂ ಇಲ್ಲ ಅಂತಿದ್ಲು. ಅದೊಂದೇ ಮಾತು ಹಿಡ್ಕೊಂಡು ಇದ್ದೀನಿ ನಾನು." ತಾಯಿ ಮೇಜಿನ ಅಂಚು ಹಿಡಿದುಕೊಂಡಳು. "ಅದೂ ಹೀಗೇ ಹೇಳಿದ್ದಾ ಹಾಗಾದ್ರೆ?"

ಗುಬ್ಬಿಗೆ ತಡೆಯಲಾಗಲಿಲ್ಲ. ತೀರಿಹೋದ ಮಗುವಿನ ತಲೆಗೆ ತನ್ನ ತಪ್ಪನ್ನು ಕಟ್ಟಿಬಿಟ್ಟಿದ್ದಳು ಅವಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಇಲ್ಲಮ್ಮ, ಸುಳ್ಳು ಹೇಳಿದ್ದು ನಾನು. ನಿಮ್ಮ ಮಗಳು ಬಂದಿದ್ಲು, ಅದೇ ಸ್ಟೂಲಿನ ಮೇಲೆ ಕೂತಿದ್ಲು. ಫೋಟೋನೂ ಇತ್ತು. ನಾನೇ ಕೈಯಾರೆ ಕಳೆದುಬಿಟ್ಟೆ."

ಒಳಗಿನಿಂದ ಭಾವ ಎರಡು ಸಲ ಕೆಮ್ಮಿದ. ಗುಬ್ಬಿ ಆ ಕಡೆ ತಿರುಗಲಿಲ್ಲ. ಒಂದೇ ಹೆಸರು, ಒಂದರ ಜಾಗದಲ್ಲಿ ಇನ್ನೊಂದು ಕೂತದ್ದು, ಎರಡೂ ಮುಖ ಪರದೆಗೆ ಬಂದದ್ದು, ಎಂಟರ್ ಒತ್ತಿದ್ದು, ಎಲ್ಲವನ್ನೂ ಬಿಡಿಸಿ ಹೇಳಿದಳು. ಬೈಗುಳಕ್ಕೆ ಕಾದಳು. ಹೊಡೆದರೂ ಹೊಡೆಸಿಕೊಳ್ಳಲು ಸಿದ್ಧಳಾಗಿದ್ದಳು.

ತಾಯಿ ಬೈಯಲಿಲ್ಲ. "ಬಂದಿದ್ಲು ಅಲ್ವಾ? ಸುಳ್ಳು ಹೇಳ್ಲಿಲ್ಲ ಅಲ್ವಾ?" ಎಂದು ಕೇಳಿದಳು. ಅದನ್ನೇ ಮತ್ತೊಮ್ಮೆ ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವಳಿಗೆ ಏನೋ ಹೊಳೆಯಿತು.

"ಆ ಎಂಟರ್ ಒತ್ತುವಾಗ ಎರಡು ಮುಖಾನೂ ಕಾಣುತ್ತೆ ಅಂದ್ರಲ್ಲ?"

"ಕಾಣುತ್ತೆ."

"ಹಾಗಾದ್ರೆ ನೀವು ಅವಳನ್ನ ನೋಡಿದ್ದೀರಿ." ತಾಯಿ ಕುರ್ಚಿ ಹತ್ತಿರ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. "ಫೋಟೋ ಹೋದ್ರೆ ಹೋಗ್ಲಿ. ಹೇಗಿದ್ಲು ಅಂತ ಹೇಳಿ. ಬಾಯಲ್ಲಿ ಹೇಳಿದ್ರೆ ಸಾಕು."

ಗುಬ್ಬಿ ಕಣ್ಣು ಮುಚ್ಚಿದಳು. ನೀಲಿ ಬಟ್ಟೆಯ ಮುಂದೆ ಕೂತ ಮುಖಗಳು ಸಾಲಾಗಿ ಬಂದವು, ಯಾವುದಕ್ಕೂ ಗುರುತಿಲ್ಲ. ಬಾಚಿದ ತಲೆ, ಎತ್ತಿದ ಗಲ್ಲ ಎಂದು ತಾಯಿಯ ಮಾತನ್ನೇ ತಾಯಿಗೆ ತಿರುಗಿ ಕೊಡಬಹುದಿತ್ತು. ನಂಬುತ್ತಿದ್ದಳು ಕೂಡ.

"ನಾನು ನೋಡ್ಲಿಲ್ಲಮ್ಮ," ಎಂದಳು ಗುಬ್ಬಿ. "ಕಣ್ಮುಂದೆ ಬಂದಿತ್ತು. ನಾನು ನೋಡ್ಲಿಲ್ಲ."

ತಾಯಿ ತಲೆಯಾಡಿಸಿದಳು, ಏಳಲಿಲ್ಲ. ಗುಬ್ಬಿಯ ಕೈ ಮೇಲೆ ಕೈಯಿಟ್ಟಳು.

"ಇನ್ನೊಂದ್ಸಲ ಜ್ಞಾಪಿಸ್ಕೊಂಡು ನೋಡಿ," ಎಂದಳು. "ನಾನು ಇಲ್ಲೇ ಕೂತಿರ್ತೀನಿ."