ಎಮ್ಮೆ ತೋರಿಸಿದ ನೈದಿಲೆ

ಗಬ್ಬೂರಿನ ಹತ್ತಿರದ ನಮ್ಮೂರ ಕೆರೆಯಲ್ಲಿ ನೀರಿತ್ತು, ಆದರೆ ದಡದಲ್ಲಿ ನಿಂತರೆ ಕಾಣುತ್ತಿರಲಿಲ್ಲ. ಹಸಿರು ಗಿಡ ಅಷ್ಟು ಮುಚ್ಚಿಕೊಂಡಿತ್ತು. ನೀರು ಕುಡಿಯಲು ಹೋದ ಹುಲಗೆಮ್ಮನ ಎಮ್ಮೆ ಒಮ್ಮೆ ಅದರಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದಿತ್ತು. ಆ ಮನೆ ನಡೆಯುವುದೇ ಎಮ್ಮೆಯ ಹಾಲಿನಿಂದ. ಬೇಸಿಗೆಯೊಳಗೆ ಕೆರೆ ಹಸನು ಮಾಡದಿದ್ದರೆ ಎಮ್ಮೆ ಮಾರುವುದೇ ಸೈ ಎಂದು ಗಂಡ ಪಕೀರಪ್ಪ ಹೇಳಿಬಿಟ್ಟಿದ್ದ.

ಹುಲಗೆಮ್ಮ ಓಣಿಯ ಹೆಂಗಸರನ್ನು ಕರೆದುಕೊಂಡು ಒಂದು ಮುಂಜಾನೆ ಕೆರೆಗೆ ಇಳಿದಳು. ಎಲ್ಲರವೂ ಮಾನ್ವಿ ಕಡೆಯ ಕಾಲುವೆ ಗದ್ದೆಗಳಲ್ಲಿ ಕಳೆ ಕಿತ್ತು ಪಳಗಿದ ಕೈಗಳು. ಕೆಸರಿಗೆ ಕೈ ಹಾಕಿ ಕಿತ್ತದ್ದು ನೈದಿಲೆಯನ್ನು. ಮೇಲೆ ತೇಲುವ ಅಂತರಗಂಗೆಯನ್ನು ಮಾತ್ರ ಸರಿಸಿ ಬಿಟ್ಟರು.

ರಾತ್ರಿ ಶಾಲೆಯಲ್ಲಿ ನಮಗೆ ಅಕ್ಷರ ಕಲಿಸುವ ಕುಬ್ರಾ ಬೇಗಂ ಬಸ್ಸಿಳಿದು ಬಂದವರು ದಡದ ಮೇಲಿನ ರಾಶಿ ನೋಡಿ, ಇದನ್ನೇಕೆ ಕಿತ್ತಿರಿ ಎಂದು ಕೇಳಿದರು.

“ಬೇರು ಮಣ್ಣಾಗ ಇಳದದ್ದೇ ಕಳಿರೀ ಟೀಚರಮ್ಮ,” ಎಂದಳು ಹುಲಗೆಮ್ಮ. “ಅಂತರಗಂಗಿ ಪಾಪ, ಮ್ಯಾಲ ತೇಲ್ಕೋಂತ ಇರ್ತದ. ಯಾರದೇನು ತಿಂತದ?”

“ಗದ್ದ್ಯಾಗ ನಿಮ್ಮ ಮಾತು ಖರೆ. ಇದು ಕೆರಿ, ಹುಲಗವ್ವ.”

ಅವರು ಎರಡನ್ನೂ ಕೈಗೆತ್ತಿ ತೋರಿಸಿದರು. ನೈದಿಲೆಯ ದುಂಡನೆಯ ಎಲೆ ನೀರಿನ ಮೇಲೆ ಮಲಗಿರುತ್ತದೆ, ತೊಟ್ಟಿನವರೆಗೆ ಒಂದು ಸೀಳಿರುತ್ತದೆ. ತಾವರೆ ಎಲೆಗೆ ಆ ಸೀಳಿಲ್ಲ. ನಮ್ಮ ಕೆರೆಯದು ತಿಳಿನೀಲಿ ಹೂವು. ಉದ್ದ ದಂಟಿಗೆ ಒಂದೇ, ಬೆಳಗ್ಗೆ ಅರಳಿ ಸಂಜೆಗೆ ಮುಚ್ಚಿಕೊಳ್ಳುತ್ತದೆ. ಹರಿಯದ, ಹೆಚ್ಚು ಆಳವಿಲ್ಲದ ಕೆಸರು ನೀರೇ ಅದರ ಮನೆ. ಅಂತರಗಂಗೆಯ ತೊಟ್ಟು ಗುಳ್ಳೆಯಂತೆ ಉಬ್ಬಿರುತ್ತದೆ, ಹೂವು ಗೊಂಚಲು, ಬೇರು ಜಡೆಯಂತೆ ನೀರಿನಲ್ಲೇ ಜೋತಾಡುತ್ತದೆ. ಅದು ಪರದೇಶದ ಗಿಡ. ನಾಲ್ಕು ಬಿಟ್ಟರೂ ಕೆರೆಯನ್ನೇ ಹೊದೆಯುತ್ತದೆ.

“ಹೂ ಚಂದ ಅಂತ ಕಾಲುವಿಯಿಂದ ಬುಟ್ಟ್ಯಾಗ ತಂದು ಬಿಟ್ಟಾಕಿ ನೀನೇ ಅಲ್ಲೇನ ಬೇ?” ಎಂದು ಪಕ್ಕದ ಮನೆಯ ಗೋಪಮ್ಮ ಹುಲಗೆಮ್ಮನನ್ನು ಕೇಳಿದಳು. ಹೆಂಗಸರೆಲ್ಲ ನಕ್ಕರು. ಹುಲಗೆಮ್ಮ ಮಾತ್ರ ಇನ್ನೂ ಒಪ್ಪಲಿಲ್ಲ.

“ನನ್ನ ಮಾತು ಬ್ಯಾಡ. ನಿಮ್ಮ ಎಮ್ಮಿನ್ನೇ ಕೇಳ್ರಿ,” ಎಂದರು ಕುಬ್ರಾ ಬೇಗಂ.

ಎಮ್ಮೆಯ ಹಗ್ಗ ಬಿಚ್ಚಿದರು. ಅದು ಅಂತರಗಂಗೆಯ ಅಂಚಿಗೆ ಹೋಗಿ, ಮೂಸಿ, ಬಾಯಿಗೆ ನೀರು ಸಿಗದೆ ಹಿಂದಕ್ಕೆ ಸರಿಯಿತು. ಕೀಳದೆ ಉಳಿದಿದ್ದ ನೈದಿಲೆಯ ಕಡೆ ನಡೆದು, ಮೂತಿಯಿಂದ ಎಲೆ ಸರಿಸಿ, ಹೊಟ್ಟೆ ತುಂಬ ಕುಡಿಯಿತು.

“ನನಗಿಂತ ಇದಕ್ಕೇ ಕಳಿ ಛಲೋ ಗೊತ್ತದ,” ಎಂದು ಹುಲಗೆಮ್ಮ ಸೆರಗು ಸಿಕ್ಕಿಸಿಕೊಂಡು ಅಂತರಗಂಗೆಗೆ ಕೈ ಹಾಕಿದಳು. ದಡಕ್ಕೆ ಬಂದ ಪಕೀರಪ್ಪನೂ ನೀರಿಗಿಳಿದ. ಕಿತ್ತ ಅಂತರಗಂಗೆಯನ್ನು ದೂರದ ಗುಂಡಿಗೆ ಹಾಕಿದರು, ನೈದಿಲೆಯ ಗಡ್ಡೆಗಳನ್ನು ಮತ್ತೆ ಕೆಸರಿಗೆ ಒತ್ತಿದರು. ಎಮ್ಮೆ ಮಾರುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅಕ್ಕತಂಗಿಯರೇ, ನಿಮ್ಮೂರ ಕೆರೆಗೂ ಇಳಿಯಿರಿ. ಕೀಳುವ ಮುಂಚೆ ಒಂದು ಎಲೆ ಎತ್ತಿ ನೋಡಿ. ತೊಟ್ಟು ಉಬ್ಬಿದ್ದರೆ ದಡಕ್ಕೆಳೆಯಿರಿ, ಎಲೆಗೆ ಸೀಳಿದ್ದರೆ ಅಲ್ಲೇ ಬಿಡಿ. ಹೂವು ಚೆಂದವೆಂದು ಗುರುತಿಲ್ಲದ ಗಿಡವನ್ನು ಕೆರೆಗೆ ತರಬೇಡಿ.