ಪುಕ್ಕದ ಗಿಡಕ್ಕೆ ಕಟಿಂಗ್

ನಮ್ಮ ಸಲೂನಿನ ಗಾಜಿನ ಮೀನುತೊಟ್ಟಿಯಲ್ಲಿ ಬೆಳೆದಂಥ ಪುಕ್ಕದ ಗಿಡ ಭೂಮಿಯ ಮೇಲೆ ಇನ್ನೆಲ್ಲೂ ಬೆಳೆದಿಲ್ಲ. ಗಿರಾಕಿಯ ಎಡಗೆನ್ನೆ ಬೋಳಿಸಿ ಬಲಗೆನ್ನೆಗೆ ನೊರೆ ಹಚ್ಚುವಷ್ಟರಲ್ಲಿ ಅದು ಗೇಣುದ್ದ ಏರಿರುತ್ತಿತ್ತು. ಹಕ್ಕಿಯ ಪುಕ್ಕದಂಥ ಎಲೆಯ ನೀರುಗಿಡ, ಮಣ್ಣು ಬೇಡ, ಗೊಬ್ಬರ ಬೇಡ. ಒಂದು ತುಂಡು ಮುರಿದು ನೀರಿಗೆ ಹಾಕಿದರೆ ಅದೂ ಒಂದು ಗಿಡ. ಊರಿನ ಯಾವ ಮೀನಿನ ತೊಟ್ಟಿಗೆ ಕೈ ಹಾಕಿದರೂ ನಮ್ಮ ಗಿಡದ ಮೊಮ್ಮಕ್ಕಳೇ ಸಿಗುತ್ತಿದ್ದವು. ಅದರೊಳಗೆ ಒಬ್ಬ ಗಿರಾಕಿಯ ಕೊಡೆ ಕಳೆದುಹೋಗಿತ್ತು ಎಂದರೆ ನಂಬದವರೂ ಇದ್ದಾರೆ. ಅವರ ಹಣೆಬರಹ.

ಗಿಡ ತಂದವನು ಅಣ್ಣ, ಅದೂ ದೊಡ್ಡಮ್ಮನಿಗಾಗಿ. ದೊಡ್ಡಮ್ಮ ಎಂದರೆ ನಮ್ಮ ಬಂಗಾರದ ಮೀನು. ಅಂಗಡಿ ತೆರೆದಾಗಿನಿಂದ ಇದ್ದವಳು, ಗಾತ್ರದಲ್ಲಿ ಕುಂಬಳಕಾಯಿಗಿಂತ ಸ್ವಲ್ಪವೇ ಕಡಿಮೆ. ಅಣ್ಣ ಕುರ್ಚಿಯ ಬಳಿ ನಿಂತರೆ ಸಾಕು, ಗಾಜಿಗೆ ಮೂತಿ ಒತ್ತಿ ಅವನ ಕತ್ತರಿಯನ್ನೇ ನೋಡುತ್ತಿದ್ದಳು. ಈಚೆಗೆ ವಯಸ್ಸಾಗಿ, ಈಜುವಾಗ ಒಂದು ಪಕ್ಕಕ್ಕೆ ವಾಲುತ್ತಿದ್ದಳು. ಅವಳು ಹೋಗುವ ಮೊದಲು ಅವಳದೊಂದು ಮರಿಯಾದರೂ ಉಳಿಯಬೇಕು ಎಂಬುದು ಅಣ್ಣನ ಹಂಬಲ. ಅದಕ್ಕೇ ಒಂದು ಗಂಡುಮೀನನ್ನೂ ತಂದು ತೊಟ್ಟಿಗೆ ಬಿಟ್ಟಿದ್ದ. ಮೊಟ್ಟೆ ಅಂಟಿಕೊಳ್ಳಲು ಇಂಥ ನವಿರಾದ ಎಲೆಯೇ ಬೇಕು. ಗಂಡು ಹೆಣ್ಣನ್ನು ಅಟ್ಟಾಡಿಸಿದರೆ ಮೊಟ್ಟೆ ಇಡುವ ಹೊತ್ತು ಬಂತೆಂದೇ ಲೆಕ್ಕ, ಮೊಟ್ಟೆ ಕಂಡ ಕೂಡಲೇ ಗಿಡವನ್ನು ಬೇರೆ ಬಕೆಟ್ಟಿಗೆ ಎತ್ತಿಡಬೇಕು, ಇಲ್ಲದಿದ್ದರೆ ಹೆತ್ತ ಮೀನೇ ತಿಂದುಬಿಡುತ್ತದೆ ಎಂದು ಸಾಕುಮೀನು ಮಾರುವವನು ಹೇಳಿಕೊಟ್ಟಿದ್ದ.

"ನನ್ನ ಬಾಣಂತನದಲ್ಲಿ ಒಂದು ಲೋಟ ಬಿಸಿನೀರು ಕೊಟ್ಟವರಲ್ಲ," ಎಂದು ಅತ್ತಿಗೆ ಊಟದ ಡಬ್ಬಿ ಇಡುತ್ತಾ ನನಗೆ ಹೇಳುತ್ತಿದ್ದಳು, ಅಣ್ಣನಿಗೆ ಕೇಳಿಸುವಂತೆ. "ಈಗ ಮೀನಿಗೆ ತೊಟ್ಟಿಲು ಕಟ್ತಿದಾರೆ ನೋಡು."

"ನಿನಗೆ ನಿಮ್ಮಮ್ಮ ಇದ್ರು," ಎನ್ನುತ್ತಿದ್ದ ಅಣ್ಣ. "ಇವಳಿಗೆ ಯಾರಿದಾರೆ?"

ಆದರೆ ಅಣ್ಣನ ಕೈ ಎಂಥದು ಗೊತ್ತೆ? ಅಡ್ಡಾದಿಡ್ಡಿ ಬೆಳೆದದ್ದು ಏನೇ ಕಂಡರೂ ಆ ಕೈಗೆ ತುರಿಕೆ ಶುರುವಾಗುತ್ತಿತ್ತು. ಮದುವೆಮನೆಯಲ್ಲಿ ಕೂತಿದ್ದರೂ ಪಕ್ಕದವನ ಕಿವಿಯ ಕೂದಲಿಗೆ ಬೆರಳು ಹೋಗುತ್ತಿತ್ತು. ಸಂಜೆ ಕೊನೆಯ ಗಿರಾಕಿ ಎದ್ದ ಮೇಲೆ ಗಿಡಕ್ಕೂ ಕಟಿಂಗ್ ಆಗಲೇಬೇಕು: ಎಡಗೈಯಲ್ಲಿ ಬಾಚಣಿಗೆ, ಬಲಗೈಯಲ್ಲಿ ಕತ್ತರಿ, ಮೇಲೆ ಸಮ, ಪಕ್ಕದಲ್ಲಿ ಸಣ್ಣ. ಕತ್ತರಿಸಿದ್ದನ್ನು ಕೇಳಿದವರಿಗೆ ಕೊಟ್ಟು, ಮಿಕ್ಕಿದ್ದನ್ನು ಕೂದಲಿನ ಜೊತೆ ಗುಡಿಸಿ ಕಸಕ್ಕೆ ಹಾಕುತ್ತಿದ್ದೆವು.

ಅದೊಂದು ರಜೆಯ ದಿನ. ಬೀದಿಯ ತುದಿಯವರೆಗೂ ತಲೆಗಳು. ಬೆಳಗಿನಿಂದ ಗಂಡುಮೀನು ದೊಡ್ಡಮ್ಮನನ್ನು ಗಿಡದೊಳಗೆ ಅಟ್ಟಾಡಿಸುತ್ತಿದ್ದ ಸದ್ದು ಕೇಳುತ್ತಲೇ ಇತ್ತು. ನಮ್ಮಿಬ್ಬರಿಗೂ ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ಸಂಜೆ ನಾನು ಕೊಡೆಯ ಕಥೆಯನ್ನು ಹೊಸದಾಗಿ ಬೆಳೆಸಿ ಹೇಳುತ್ತಿದ್ದೆ. ಅಣ್ಣ ನನ್ನ ಕಡೆ ಮುಖ ಮಾಡಿ ನಗುತ್ತಿದ್ದ. ಅವನ ಕೈ ಮಾತ್ರ ತನ್ನ ಪಾಡಿಗೆ ತೊಟ್ಟಿಯೊಳಗೆ ಕೆಲಸ ಮಾಡಿ ಮುಗಿಸಿತು.

ಮರುದಿನ ಕಸದ ಗಾಡಿ ಬಂದು ಹೋದ ಮೇಲೆ ಪೊರಕೆಗೆ ಸಿಕ್ಕಿಕೊಂಡಿದ್ದ ಒಂದು ಎಸಳು ನನ್ನ ಕೈಗೆ ಬಂತು. ಅದರ ತುಂಬ ಸಾಸಿವೆಗಿಂತ ಸಣ್ಣ ಮಣಿಗಳು. ಒಣಗಿ ಮಂಕಾಗಿದ್ದವು.

ಅಣ್ಣ ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದ. "ದೊಡ್ಡಮ್ಮನ ಹೊಟ್ಟೆ ಇಳಿದುಬಿಟ್ಟಿದೆ ಕಣೋ. ನಿನ್ನೆ ಕಟ್ ಮಾಡಿದ್ರಲ್ಲಿ ಮೊಟ್ಟೆ ಇತ್ತಾ?"

ನಾನು ಮುಷ್ಟಿ ಬಿಗಿದೆ. "ಇಲ್ಲಣ್ಣ. ಒಂದೂ ಇರ್ಲಿಲ್ಲ."

ಅವನು ನಿಧಾನವಾಗಿ ನೆಟ್ಟಗಾದ. "ನಿನ್ನ ಬಾಯಲ್ಲಿ ಹತ್ತು ಅನ್ನೋದು ಯಾವತ್ತೂ ಸಾವಿರಕ್ಕಿಂತ ಕಡಿಮೆ ಆಗಿಲ್ಲ. ಅಂಥಾ ನೀನು ಒಂದೂ ಇಲ್ಲ ಅಂತೀಯಾ ಅಂದ್ರೆ, ಗಿಡದ ತುಂಬ ಇತ್ತು ಅಂತಾಯ್ತು."

ನಾನು ಮುಷ್ಟಿ ಬಿಚ್ಚಿದೆ. ಅವನು ಎಸಳನ್ನು ತೆಗೆದುಕೊಂಡು ನೀರಿನಲ್ಲಿ ಬಿಟ್ಟ. ಏನೂ ಆಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ದೊಡ್ಡಮ್ಮ ಆಮೇಲೆ ಬಹಳ ದಿನ ಬಾಳಲಿಲ್ಲ. ಅವಳು ಸತ್ತ ದಿನ ಅತ್ತಿಗೆ ಡಬ್ಬಿಯನ್ನು ಸದ್ದಾಗದಂತೆ ಇಟ್ಟಳು. "ಹೋಗ್ಲಿ ಬಿಡಿ," ಎಂದಳು. "ಬೇಕಂತ ಮಾಡಿದ್ದಲ್ಲವಲ್ಲ."

"ನೋಡದೆ ಮಾಡಿದ್ದು," ಎಂದ ಅಣ್ಣ.

ಗಿಡ ಈಗ ತೊಟ್ಟಿಯ ಅಂಚು ದಾಟಿ ಕನ್ನಡಿಯ ಕಡೆ ವಾಲಿದೆ. ಒಳಗೆಲ್ಲೋ ಇರುವ ಗಂಡುಮೀನು ಅಪರೂಪಕ್ಕೊಮ್ಮೆ ಕಾಣುತ್ತದೆ. ಗಿರಾಕಿಗಳು ಇದಕ್ಕೊಂದು ಕಟಿಂಗ್ ಮಾಡ್ರಪ್ಪ ಎನ್ನುತ್ತಾರೆ. ಸಂಜೆ ಅಣ್ಣನ ಕೈ ಕತ್ತರಿಯ ಸಮೇತ ಆ ಕಡೆ ಹೋಗುತ್ತದೆ, ಗಾಜಿನವರೆಗೆ. ಅಲ್ಲಿ ನಿಂತು, ಕತ್ತರಿಯನ್ನು ಒರೆಸಿ ಡ್ರಾಯರಿಗೆ ಹಾಕುತ್ತದೆ. ನಾನು ಆ ಹೊತ್ತಿನಲ್ಲಿ ಕಥೆ ಹೇಳುವುದನ್ನು ಬಿಟ್ಟಿದ್ದೇನೆ.