ಹದಿನೆಂಟನೇ ಮಹಡಿ

ತೂಗುಸೇತುವೆಯ ಮೊದಲ ಹಲಗೆಯ ಮೇಲೆ ಕಾಲಿಡುವ ಮುನ್ನ ಧನ್ಯಕುಮಾರನ ಬಲಗೈ ತಾನಾಗಿ ಸೊಂಟದತ್ತ ಹೋಗಿ ಏನನ್ನೋ ತಡಕಿತು. ಅಲ್ಲೇನೂ ಇರಲಿಲ್ಲ. ಎತ್ತಿದ ಕಾಲು ಹಿಂದಕ್ಕೆ ಬಂತು. ಬೆನ್ನ ಹಿಂದಿದ್ದ ಹೆಂಡತಿ ಶುಭಾಂಗಿ ಅದನ್ನು ನೋಡಿದಳು.

ತೊಂಬತ್ತೊಂದರಿಂದ ಮೂರು ವರ್ಷ ಜಪಾನಿನ ಓಸಾಕಾದಲ್ಲಿದ್ದು ಅವನು ಕೊಣ್ಣೂರಿಗೆ ಮರಳಿ ಎಂಟು ತಿಂಗಳಾಗಿತ್ತು. ಪಡಸಾಲೆಯಲ್ಲಿ ಅವನ ಫೋಟೋ ತೂಗುತ್ತಿತ್ತು: ಮುಗಿಲು ಮುಟ್ಟುವ ಗಾಜಿನ ಕಟ್ಟಡ, ಬುಡದಲ್ಲಿ ಟೈ ಕಟ್ಟಿಕೊಂಡು ನಿಂತ ಅವನು. ಹದಿನೆಂಟನೇ ಮಹಡಿಯಲ್ಲಿ ತನ್ನ ಟೇಬಲ್ಲಿತ್ತೆಂದು ಬಂದವರಿಗೆಲ್ಲ ಹೇಳುತ್ತಿದ್ದ. ಒಮ್ಮೆ ಬಾಯಿ ತಪ್ಪಿ ಇಪ್ಪತ್ತೆರಡನೆಯದು ಎಂದಿದ್ದ. ಎಣ್ಣೆ ಹಚ್ಚುವಾಗ ಸೊಂಟದ ಸುತ್ತ, ತೊಡೆಗಳ ಮೇಲೆ ಕಪ್ಪುಗಟ್ಟಿದ ಪಟ್ಟಿಗಳು ಕಂಡರೆ "ಬೆಲ್ಟಿಂದು" ಎನ್ನುತ್ತಿದ್ದ. ಶುಭಾಂಗಿ ನಂಬಿರಲಿಲ್ಲ. ಅಲ್ಲಿ ಯಾವಳೋ ಇದ್ದಾಳೆಂದುಕೊಂಡು ಸೂಟ್‌ಕೇಸಿನ ಅಸ್ತರನ್ನೂ ಬಿಚ್ಚಿ ಹುಡುಕಿದ್ದಳು. ಏನೂ ಸಿಗಲಿಲ್ಲ, ಅನುಮಾನವೂ ಹೋಗಲಿಲ್ಲ.

ಈಗ ಅವಳ ತಮ್ಮ ಪ್ರತೀಕ, ಧನ್ಯಕುಮಾರನನ್ನು ಓಸಾಕಾಕ್ಕೆ ಕಳಿಸಿದ್ದ ಏಜೆಂಟನ ಮೂಲಕವೇ ಅಲ್ಲಿನ ಅದೇ ಕೆಲಸಕ್ಕೆ ಹೊರಟಿದ್ದ. ಸೋಮವಾರ ಮುಂಬಯಿಯಿಂದ ವಿಮಾನ. ಹೋಗುವ ಮುನ್ನ ಕೊಣ್ಣೂರಿನ ಬಳಿಯ ಫಾಲ್ಸ್ ನೋಡಬೇಕೆಂದು ಹುಕ್ಕೇರಿಯಿಂದ ಬಂದವನು ಆಗಲೇ ಸೇತುವೆಯ ನಡುವೆ ನಿಂತು, ಕೆಂಪಗೆ ಹರಿಯುವ ಘಟಪ್ರಭೆಯನ್ನು ಬಗ್ಗಿ ನೋಡುತ್ತಿದ್ದ.

"ಸೊಂಟದಾಗ ಏನ್ ಹುಡುಕಿದ್ರಿ?"

"ಏನಿಲ್ಲ. ಮಾರಿ ಒರಸ್ಕೊಳ್ಳಾಕ ದಸ್ತಿ."

"ದಸ್ತಿ ಕಿಸೇದಾಗ ಐತಿ."

ಕರೆಂಟಿನ ಕಂಬ ಹತ್ತುವ ಲೈನ್‌ಮನ್, ಕೊಕ್ಕೆ ಸಿಕ್ಕಿಸಲು ಹೀಗೇ ಸೊಂಟಕ್ಕೆ ಕೈ ಹಾಕುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಗಂಡನ ಸೊಂಟದ ಕಪ್ಪು ಪಟ್ಟಿಗಳು ನೆನಪಾದವು.

"ಖರೆ ಹೇಳ್ರಿ. ನೀವು ಆ ಫೋಟೋದಾಗಿನ ಗಾಜಿನ ಒಳಗಿದ್ರೋ, ಹೊರಗಿದ್ರೋ?"

ಅವನು ಸೇತುವೆಯ ನಡುವೆ ನಿಂತಿದ್ದ ಪ್ರತೀಕನತ್ತ ನೋಡಿದ.

"ಹೊರಗ. ಸೊಂಟಕ್ಕ, ತೊಡೀಗೆ ಪಟ್ಟಾ ಬಿಗದು, ಹಗ್ಗಕ್ಕ ಜೋತಬಿದ್ದು ಗಾಜ ಒರಸ್ತಿದ್ದೆ. ಒಳಗ ಮಂದಿ ಚಾ ಕುಡೀತಿದ್ರು, ಒಬ್ರೂ ತಲಿ ಎತ್ತಿ ನೋಡ್ತಿರಲಿಲ್ಲ. ಬಾಜೂ ಹಗ್ಗದಾಗ ನೇಪಾಳದಾಂವ ಒಬ್ಬ ಇದ್ದ. ಒಂದಿನ ಗಾಳಿ ಜೋರ ಬಿಟ್ಟಿತ್ತು..."

ಅವನ ಕಣ್ಣು ಸೇತುವೆಯ ಕೆಳಗಿನ ಆಳಕ್ಕೆ ಇಳಿಯಿತು.

"ಇಷ್ಟ ಗೊತ್ತಿದ್ದೂ ನನ್ನ ತಮ್ಮನ್ನ ಕಳಸಾಕತ್ತಿದ್ರಿ?"

"ಊರಿಗೆಲ್ಲಾ ಹೇಳಿಬಿಟ್ಟಿದ್ನಲ್ಲ, ಶುಭಾ. ಹ್ಯಾಂಗ ತಿರುಗಿ ಹೇಳ್ಲಿ?"

ಶುಭಾಂಗಿ ಬಯ್ಯಲಿಲ್ಲ, ಅಳಲಿಲ್ಲ. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

"ಅವಗ ನೀವ ಹೇಳ್ರಿ. ನಾ ಹೇಳಂಗಿಲ್ಲ."

ಧನ್ಯಕುಮಾರ ಎರಡೂ ಕೈಗಳಿಂದ ಕಬ್ಬಿಣದ ಹಗ್ಗ ಹಿಡಿದು ಹಲಗೆಯ ಮೇಲೆ ಕಾಲಿಟ್ಟ. ಸೇತುವೆ ತೂಗಿತು. ಒಂದು ಕೈ ಮುಂದೆ ಹಿಡಿದ ಮೇಲೆಯೇ ಇನ್ನೊಂದನ್ನು ಬಿಡುತ್ತ, ಹಲಗೆಯಿಂದ ಹಲಗೆಗೆ ಅವನು ಸಾಗತೊಡಗಿದ.

"ಬರ್ರಿ ಮಾಮಾ, ಏನೂ ಆಗೂದಿಲ್ಲ," ಎಂದ ಪ್ರತೀಕ. ಅಕ್ಕನ ಗಂಡ ಹೆದರಿದ್ದಾನೆಂದು ತಿಳಿದು, ನಗುತ್ತ ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದ.